ಚಳಿಗಾಲದ ಗುಬ್ಬಿಗಿಡುಗ: ಬಣ್ಣ ಬಿಡಿ, ಬೆರಳು ನೋಡಿ

ಬೇಲಿಯ ಮೇಲೆ ಗದ್ದಲ ಎಬ್ಬಿಸುತ್ತಿದ್ದ ಹರಟೆಮಲ್ಲಗಳು ಇದ್ದಕ್ಕಿದ್ದಂತೆ ಬಾಯಿ ಮುಚ್ಚುತ್ತವೆ. ಎಲ್ಲೋ ಒಂದು ಅಳಿಲು ಮಾತ್ರ ಎಡೆಬಿಡದೆ ಚಿರಗುಟ್ಟುತ್ತದೆ. ಮರುಕ್ಷಣ ಬೂದುಬಣ್ಣದ ಏನೋ ಒಂದು ಸೊಂಟದೆತ್ತರದಲ್ಲಿ ಬೇಲಿಗುಂಟ ಹಾದು, ಆಚೆ ಬದಿಗೆ ಹೊರಳಿ, ಮರಗಳ ನಡುವೆ ಕಾಣೆಯಾಗುತ್ತದೆ. ನೋಡಿದವರ ಕಣ್ಣಲ್ಲಿ ಉಳಿಯುವುದು ಇಷ್ಟೇ: ಉದ್ದ ಬಾಲ, ಮೊಂಡು ರೆಕ್ಕೆ, ಎದೆಯ ಮೇಲೆ ಅಡ್ಡಪಟ್ಟೆ ಇದ್ದಂತೆ ಒಂದು ನೆನಪು.

ಅದು ಗಿಡುಗ ಎನ್ನುವಲ್ಲಿ ತಕರಾರಿಲ್ಲ. ಯಾವ ಗಿಡುಗ ಎಂದು ಕೇಳಿದರೆ ಪಳಗಿದ ಪಕ್ಷಿವೀಕ್ಷಕರೂ ಒಂದು ಗಳಿಗೆ ತಡೆಯುತ್ತಾರೆ. ದಕ್ಷಿಣ ಭಾರತದಲ್ಲಿ ಈ ಗಾತ್ರದ, ಈ ಆಕಾರದ ಮೂರು ಹಕ್ಕಿಗಳಿವೆ. ಶಿಕ್ರಾ ಮತ್ತು ಬೇಸ್ರಾ ವರ್ಷವಿಡೀ ಇಲ್ಲಿಯೇ ಇರುವವು. ಮೂರನೆಯದು ಗುಬ್ಬಿಗಿಡುಗ, ಚಳಿಗಾಲಕ್ಕೆ ಬಂದು ಬೇಸಿಗೆಯ ಹೊತ್ತಿಗೆ ಹೊರಟುಹೋಗುವ ವಲಸಿಗ. ಈ ಮೂರನೆಯದನ್ನು ಉಳಿದೆರಡರಿಂದ ಬೇರ್ಪಡಿಸುವುದು ಹೇಗೆ, ಅದನ್ನು ಎಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಿಷಯ. ನನ್ನ ಮಟ್ಟಿಗೆ ಇವು ಎರಡು ಬೇರೆ ಪ್ರಶ್ನೆಗಳಲ್ಲ. ಹಕ್ಕಿ ಎಲ್ಲಿ ಬೇಟೆಯಾಡುತ್ತದೆ, ಏನನ್ನು ಹಿಡಿಯುತ್ತದೆ ಎಂಬುದಕ್ಕೆ ತಕ್ಕಂತೆ ಅದರ ಮೈ ರೂಪುಗೊಂಡಿರುತ್ತದೆ. ಮೈ ಓದಲು ಬಂದರೆ ನೆಲೆ ತಿಳಿಯುತ್ತದೆ, ನೆಲೆ ಗೊತ್ತಿದ್ದರೆ ಮೈ ಓದುವುದು ಸುಲಭ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಹದ್ದು, ಗಿಡುಗ, ಡೇಗೆ, ಚಾಣ, ಸಾಳುವ ಎಂದು ಕನ್ನಡದಲ್ಲಿ ಬೇಟೆಹಕ್ಕಿಗಳಿಗೆ ಪದಗಳ ಬರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಗೆಂದೇ ಒಂದು ಭಾಗ ಮೀಸಲಿಟ್ಟಿದ್ದಾನೆ. ಆದರೆ ದಿನಬಳಕೆಯಲ್ಲಿ ಈ ಪದಗಳೆಲ್ಲ ಒಂದರೊಳಗೊಂದು ಬೆರೆತಿವೆ. ಇಲ್ಲಿ ಗಿಡುಗ ಎಂದಾಗ ನನ್ನ ಮನಸ್ಸಿನಲ್ಲಿರುವುದು ಚಿಕ್ಕ, ಅಗಲ, ತುದಿ ದುಂಡಗಿರುವ ರೆಕ್ಕೆ, ಉದ್ದ ಬಾಲ, ಹಳದಿಯಿಂದ ಕೆಂಪಿನವರೆಗಿನ ಕಣ್ಣು ಇರುವ ಹಕ್ಕಿ. ರೆಕ್ಕೆಯ ತುದಿ ಚೂಪಾಗಿದ್ದು ಕಣ್ಣು ಕಪ್ಪಗಿದ್ದರೆ ಅದು ಚಾಣದ ಬಳಗ. ಬಯಲಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತುಬಿಡುವ ಹಕ್ಕಿ ಚಾಣವಿರಬಹುದು, ನಮ್ಮ ಮೂವರಲ್ಲಿ ಯಾವುದೂ ಅಲ್ಲ. ಗುಬ್ಬಿಗಿಡುಗ ಎಂಬ ಹೆಸರಿನ ‘ಗುಬ್ಬಿ’ ಅದರ ಊಟವನ್ನು ಸೂಚಿಸುತ್ತದೆ, ಗಾತ್ರವನ್ನಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣದ ಬಯಲುಸೀಮೆಯಲ್ಲಿ, ಊರಿನ ಮರಗಳಲ್ಲಿ, ಉದ್ಯಾನಗಳಲ್ಲಿ ಕಾಣುವ ಸಣ್ಣ ಗಿಡುಗ ಬಹುಪಾಲು ಶಿಕ್ರಾ. ಆದ್ದರಿಂದ ಆರಂಭ ಯಾವಾಗಲೂ ಶಿಕ್ರಾದಿಂದಲೇ ಆಗಬೇಕು. ‘ಇದು ಗುಬ್ಬಿಗಿಡುಗ ಯಾಕಾಗಿರಬಾರದು?’ ಎಂದು ಕೇಳಿಕೊಂಡರೆ ಮನಸ್ಸು ಹತ್ತು ಕಾರಣ ಹೊಂದಿಸಿಕೊಡುತ್ತದೆ. ‘ಇದು ಶಿಕ್ರಾ ಅಲ್ಲ ಎನ್ನಲು ನನ್ನ ಬಳಿ ಏನಿದೆ?’ ಎಂದು ಕೇಳಿಕೊಂಡರೆ ಕಣ್ಣು ಚುರುಕಾಗುತ್ತದೆ.

ಬಣ್ಣ ಯಾಕೆ ಕೈಕೊಡುತ್ತದೆ

ಹೊಸಬರು ಮೊದಲು ಬಣ್ಣ ನೋಡುತ್ತಾರೆ. ನಾನೂ ಹಾಗೆಯೇ ಶುರುಮಾಡಿದ್ದೆ. ಬೂದು ಬೆನ್ನು, ಎದೆಯ ಮೇಲೆ ಕಿತ್ತಳೆಗೆಂಪಿನ ಅಡ್ಡಗೆರೆ ಕಂಡೊಡನೆ ಗುಬ್ಬಿಗಿಡುಗ ಎಂದು ಬರೆದುಕೊಂಡು, ಆಮೇಲೆ ಚಿತ್ರ ದೊಡ್ಡದು ಮಾಡಿ ನೋಡಿ ಹೊಡೆದುಹಾಕಿದ್ದು ಒಂದೆರಡು ಸಲವಲ್ಲ. ಬೆಳೆದ ಗಂಡು ಶಿಕ್ರಾಕ್ಕೂ ಬೆಳೆದ ಗಂಡು ಗುಬ್ಬಿಗಿಡುಗಕ್ಕೂ ಬೂದು ಬೆನ್ನಿದೆ, ಕೆಂಪು ಅಡ್ಡಗೆರೆಗಳೂ ಇವೆ. ಶಿಕ್ರಾದ ಬೂದು ತಿಳಿಯಾದದ್ದು, ನೀಲಿಯತ್ತ ವಾಲಿದ್ದು. ಗುಬ್ಬಿಗಿಡುಗದ್ದು ಸ್ಲೇಟಿನಂತೆ ಗಾಢ. ಆದರೆ ಈ ಅಂತರ ಇಳಿಬಿಸಿಲಿನಲ್ಲಿ, ಎಲೆಗಳ ನೆರಳಿನಲ್ಲಿ, ಬೆಳಕಿಗೆ ಬೆನ್ನು ಮಾಡಿ ಕೂತ ಹಕ್ಕಿಯಲ್ಲಿ ಅಳಿಸಿಹೋಗುತ್ತದೆ. ಜೊತೆಗೆ ಗಂಡು, ಹೆಣ್ಣು, ಮರಿ ಎಂದು ಪ್ರತಿ ಜಾತಿಗೂ ಮೂರು ಉಡುಪು. ಮೂರು ಜಾತಿಗೆ ಒಂಬತ್ತು. ಬಣ್ಣವನ್ನೇ ನೆಚ್ಚಿದವರು ಈ ಒಂಬತ್ತರ ನಡುವೆ ಕಳೆದುಹೋಗುತ್ತಾರೆ.

ಗಾತ್ರವೂ ಅಷ್ಟೇ. ಬೇಟೆಹಕ್ಕಿಗಳಲ್ಲಿ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಗುಬ್ಬಿಗಿಡುಗದಲ್ಲಿ ಈ ಅಂತರ ಅತಿರೇಕಕ್ಕೆ ಹೋಗಿದೆ. ಗಂಡಿನ ಉದ್ದ 29ರಿಂದ 34 ಸೆಂಟಿಮೀಟರ್, ತೂಕ 110ರಿಂದ 196 ಗ್ರಾಂ. ಹೆಣ್ಣು 35ರಿಂದ 41 ಸೆಂಟಿಮೀಟರ್, 185ರಿಂದ 342 ಗ್ರಾಂ. ಕೊಬ್ಬಿದ ಹೆಣ್ಣು ಬಡಕಲು ಗಂಡಿನ ಎರಡು ಪಟ್ಟಿಗೂ ಮಿಗಿಲು. ಬೇಟೆಯೂ ಅದಕ್ಕೆ ತಕ್ಕಂತೆ ಹಂಚಿಕೆಯಾಗಿದೆ: ಗಂಡು ಗುಬ್ಬಚ್ಚಿ ಗಾತ್ರದ ಹಕ್ಕಿಗಳ ಹಿಂದೆ ಹೋದರೆ ಹೆಣ್ಣು ಪಾರಿವಾಳದಷ್ಟು ದೊಡ್ಡದನ್ನೂ ಕೆಡವಬಲ್ಲದು. ಗಿಡುಗ ಸಾಕಿ ಬೇಟೆಯಾಡುತ್ತಿದ್ದ ಹಳೆಯ ಕಾಲದ ಉತ್ತರ ಭಾರತದವರು ಗಂಡು ಹೆಣ್ಣುಗಳಿಗೆ ಬೇರೆ ಬೇರೆ ಹೆಸರೇ ಇಟ್ಟಿದ್ದರು. ಹೆಣ್ಣು ಗುಬ್ಬಿಗಿಡುಗ ಬಾಶಾ, ಗಂಡು ಬಾಶಿನ್. ಹೆಣ್ಣು ಶಿಕ್ರಾವೇ ಶಿಕ್ರಾ, ಅದರ ಗಂಡು ಚಿಪ್ಕಾ. ಕೈಮೇಲೆ ಕೂರಿಸಿಕೊಂಡು ಬಳಸುವವರಿಗೆ ಅವೆರಡೂ ಬೇರೆಯೇ ಆಯುಧಗಳು. ನಮಗೆ ಇದರಿಂದಾಗುವ ತೊಂದರೆಯೆಂದರೆ, ಗಂಡು ಗುಬ್ಬಿಗಿಡುಗ ಮತ್ತು ಹೆಣ್ಣು ಶಿಕ್ರಾ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದು ನಿಲ್ಲುತ್ತವೆ. ‘ಸ್ವಲ್ಪ ದೊಡ್ಡದಿತ್ತು’ ಎಂಬ ಸಾಕ್ಷ್ಯಕ್ಕೆ ಹಾಗಾಗಿ ಬೆಲೆಯಿಲ್ಲ.

ಕಾಲು ಸುಳ್ಳು ಹೇಳುವುದಿಲ್ಲ

ಹಕ್ಕಿ ಕೂತಿದ್ದರೆ ದುರ್ಬೀನನ್ನು ಮೊದಲು ಕಾಲಿನ ಕಡೆಗೆ ತಿರುಗಿಸಿ. ಗುಬ್ಬಿಗಿಡುಗದ ಕಾಲು ನೋಡಿದರೆ ಇಷ್ಟು ದೊಡ್ಡ ಮೈಯನ್ನು ಇದು ಹೇಗೆ ಹೊತ್ತೀತು ಅನ್ನಿಸುತ್ತದೆ. ಉದ್ದ, ಹಳದಿ, ಕಡ್ಡಿಯಷ್ಟು ತೆಳು. ಬೆರಳುಗಳು ಇನ್ನೂ ವಿಚಿತ್ರ: ನಡುಬೆರಳು ಪಕ್ಕದವುಗಳನ್ನು ದೂರ ಬಿಟ್ಟು ಮುಂದಕ್ಕೆ ಚಾಚಿರುತ್ತದೆ, ಅಡಿಯಲ್ಲಿ ಉಬ್ಬಿದ ಮೆತ್ತೆಗಳಿರುತ್ತವೆ. ಶಿಕ್ರಾದ ಕಾಲು ಇದಕ್ಕೆ ತದ್ವಿರುದ್ಧ. ಗಿಡ್ಡ, ದಪ್ಪ, ಗಟ್ಟಿಮುಟ್ಟು, ಬೆರಳುಗಳು ಮೋಟು.

ಇದಕ್ಕೆ ಕಾರಣ ಅವುಗಳ ಊಟದಲ್ಲಿದೆ. ಶಿಕ್ರಾಕ್ಕೆ ಊಟದಲ್ಲಿ ಮಡಿಮೈಲಿಗೆಯಿಲ್ಲ. ಓತಿಕ್ಯಾತ, ಮಿಡತೆ, ಇಲಿ, ಕಪ್ಪೆ, ಅಳಿಲು, ಸಣ್ಣ ಹಕ್ಕಿ, ಮಳೆಗಾಲದಲ್ಲಿ ಗೆದ್ದಲು ಹುಳು, ಸಿಕ್ಕಿದ್ದೆಲ್ಲ ಸರಿ. ಅದರ ಬೇಟೆಯಲ್ಲಿ ಹೆಚ್ಚಿನದು ನೆಲದ ಮೇಲೆ ಅಥವಾ ಕೊಂಬೆಯ ಮೇಲೆ ಇರುವಂಥದ್ದು. ಮೇಲಿನಿಂದ ಎರಗಿ ಅದುಮಿ ಹಿಡಿಯಲು ಮುಷ್ಟಿಯಂಥ ಪಾದ ಬೇಕು. ಗುಬ್ಬಿಗಿಡುಗ ತಿನ್ನುವುದು ಬಹುತೇಕ ಹಕ್ಕಿಗಳನ್ನು ಮಾತ್ರ, ಅದೂ ತಪ್ಪಿಸಿಕೊಂಡು ಹಾರುತ್ತಿರುವ ಹಕ್ಕಿಗಳನ್ನು. ಗಾಳಿಯಲ್ಲಿ ಹೊರಳುತ್ತಿರುವ ಪುಕ್ಕದ ಮುದ್ದೆಯನ್ನು ಹಿಡಿಯಲು ಪಾದ ಬಲೆಯಂತಿರಬೇಕು. ಉದ್ದನೆಯ ಕಾಲು ಅಷ್ಟು ದೂರ ಮುಂಚಾಚುತ್ತದೆ, ಉದ್ದನೆಯ ಬೆರಳು ಅಷ್ಟು ಅಗಲ ಆವರಿಸುತ್ತದೆ, ಅಡಿಯ ಮೆತ್ತೆ ನುಣುಪಾದ ಪುಕ್ಕ ಜಾರದಂತೆ ಒತ್ತಿ ಹಿಡಿಯುತ್ತದೆ. ಗರಿಯ ಬಣ್ಣ ಪ್ರಾಯದೊಂದಿಗೆ ಬದಲಾಗುತ್ತದೆ, ಕಾಲಿನ ಈ ಕಟ್ಟು ಬದಲಾಗುವುದಿಲ್ಲ. ಗೂಡು ಬಿಟ್ಟ ಮರಿಯಲ್ಲೂ ಅದೇ, ಮುದಿ ಹಕ್ಕಿಯಲ್ಲೂ ಅದೇ.

ಬೇಸ್ರಾದ ಕಾಲು ಕೂಡ ತೆಳುವಾಗಿ, ಬೆರಳು ಉದ್ದವಾಗಿಯೇ ಇರುತ್ತದೆ ಎಂಬುದೊಂದೇ ಇಲ್ಲಿಯ ಕೊಂಕು. ಅದೂ ಕಾಡಿನೊಳಗೆ ಹಕ್ಕಿ ಹಿಡಿಯುವುದರಲ್ಲಿ ನಿಪುಣ. ಅಂದರೆ ಕಾಲು ಶಿಕ್ರಾವನ್ನು ಹೊರಗಿಡುತ್ತದೆ, ಉಳಿದೆರಡನ್ನು ಬಿಡಿಸುವುದಿಲ್ಲ. ಆಗ ಕಣ್ಣು ಗಂಟಲಿಗೆ ಹೋಗಬೇಕು.

ಗಲ್ಲದಿಂದ ಎದೆಯವರೆಗೆ ಗಂಟಲ ನಟ್ಟನಡುವೆ ಇಳಿಯುವ ಗೆರೆ ಈ ಗುಂಪಿನ ನಾಮ ಇದ್ದಂತೆ. ಬೇಸ್ರಾದಲ್ಲಿ ಇದು ಕಪ್ಪಗೆ, ದಪ್ಪಗೆ, ಒತ್ತಿ ಎಳೆದ ಹಾಗಿರುತ್ತದೆ, ದೂರದಿಂದಲೂ ಕಾಣುತ್ತದೆ. ಶಿಕ್ರಾದಲ್ಲಿ ತೆಳುವಾದ ಬೂದು ಗೆರೆ, ಬೆಳೆದ ಹಕ್ಕಿಯಲ್ಲಿ ಹುಡುಕಬೇಕಾದಷ್ಟು ಮಸುಕು, ಮರಿಯಲ್ಲಿ ಇನ್ನಷ್ಟು ಸ್ಪಷ್ಟ. ಗುಬ್ಬಿಗಿಡುಗಕ್ಕೆ ನಡುಗೆರೆಯೇ ಇಲ್ಲ. ಅದರ ಗಂಟಲಲ್ಲಿ ಸಣ್ಣ ಸಣ್ಣ ಗೀರುಗಳಿರಬಹುದು, ಅವು ಕೂಡಿ ಒಂದೇ ಗೆರೆಯಾಗುವುದಿಲ್ಲ. ಹಕ್ಕಿ ತಲೆ ಬಗ್ಗಿಸಿದಾಗ ಗಂಟಲ ಪುಕ್ಕ ಮಡಚಿ ಗೆರೆಯಂತೆ ತೋರುವುದುಂಟು. ತಲೆ ಎತ್ತುವವರೆಗೆ ಕಾಯುವುದು ಒಳ್ಳೆಯದು.

ಮರಿಗಳ ವಿಷಯದಲ್ಲಿ ಒಂದು ಗುಟ್ಟಿದೆ. ಚಳಿಗಾಲದಲ್ಲಿ ಬರುವ ವಲಸಿಗರಲ್ಲಿ ಆ ವರ್ಷ ಹುಟ್ಟಿದವುಗಳ ಪಾಲು ಚೆನ್ನಾಗಿಯೇ ಇರುವುದರಿಂದ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಶಿಕ್ರಾ ಮರಿಯ ಎದೆಯ ಮೇಲೆ ಕಂದು ಗುರುತುಗಳು ಹನಿ ಸೋರಿದಂತೆ ಮೇಲಿನಿಂದ ಕೆಳಕ್ಕೆ ಇಳಿದಿರುತ್ತವೆ. ಗುಬ್ಬಿಗಿಡುಗದ ಮರಿಯಲ್ಲಿ ಗುರುತುಗಳು ಅಡ್ಡಡ್ಡಕ್ಕೆ ಇರುತ್ತವೆ, ಒರಟೊರಟಾಗಿ, ಅಲ್ಲಲ್ಲಿ ತುಂಡಾಗಿ. ಕಂದು ಬೆನ್ನಿನ ಹಕ್ಕಿ, ಎದೆಯಲ್ಲಿ ಉದ್ದುದ್ದ ಹನಿ ಎಂದರೆ ಶಿಕ್ರಾ ಅಥವಾ ಬೇಸ್ರಾದ ಮರಿ. ಕಂದು ಬೆನ್ನು, ಅಡ್ಡಗೆರೆ, ಕಣ್ಣಿನ ಮೇಲೆ ಬಿಳಿ ಹುಬ್ಬು ಎಂದರೆ ಗುಬ್ಬಿಗಿಡುಗದ ಮರಿ ಇಲ್ಲವೇ ಹೆಣ್ಣು ಇರಬಹುದೆಂದು ಎದೆ ಹೊಡೆದುಕೊಳ್ಳಲು ಶುರುವಾದರೆ ತಪ್ಪಲ್ಲ. ಬೆಳೆದ ಗಂಡಿನ ಕೆನ್ನೆ ಕಿತ್ತಳೆ ಬಣ್ಣ. ಶಿಕ್ರಾದ ಕೆನ್ನೆ ಬರಿಯ ಬೂದು.

ಕಣ್ಣಿನ ಬಣ್ಣವನ್ನು ಕೆಲವರು ತುಂಬ ನಂಬುತ್ತಾರೆ. ಬೆಳೆದ ಗಂಡು ಶಿಕ್ರಾದ ಕಣ್ಣು ಕಡುಗೆಂಪು ನಿಜ. ಆದರೆ ವಯಸ್ಸಾದ ಗಂಡು ಗುಬ್ಬಿಗಿಡುಗದ ಕಣ್ಣು ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತದೆ, ಹೆಣ್ಣು ಶಿಕ್ರಾದ ಕಣ್ಣು ಹಳದಿ ಕಿತ್ತಳೆಯಲ್ಲೇ ನಿಲ್ಲುತ್ತದೆ. ಜೊತೆಗಿರುವ ಸಾಕ್ಷಿಯಾಗಿ ಪರವಾಗಿಲ್ಲ, ಮುಖ್ಯ ಸಾಕ್ಷಿಯಾಗಿ ಬೇಡ.

ತಲೆಯ ಮೇಲೆ ಸುತ್ತುತ್ತಿದ್ದರೆ

ಹಾರುವ ಹಕ್ಕಿಯ ಕಾಲು, ಗಂಟಲು ಕಾಣದು. ಆದರೆ ಬೆಳಗಿನ ಬಿಸಿಲೇರಿದ ಮೇಲೆ ಇವು ಕೆಲವೊಮ್ಮೆ ಮೇಲೇರಿ ಸುತ್ತು ಹಾಕುತ್ತವೆ. ಆಗ ಒಂದು ಚಿತ್ರ ತೆಗೆದುಕೊಂಡರೆ ಎಣಿಸುವ ಕೆಲಸವೊಂದಿದೆ. ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ಚಾಚಿದ ಗರಿಗಳು ಗುಬ್ಬಿಗಿಡುಗದಲ್ಲಿ ಆರು, ಶಿಕ್ರಾ ಮತ್ತು ಬೇಸ್ರಾದಲ್ಲಿ ಐದು. ಲೇಖನದ ತಲೆಬರಹದ ‘ಬೆರಳಿ’ಗೆ ಹೀಗೆ ಎರಡು ಅರ್ಥವಿದೆ. ಗರಿ ಉದುರಿ ಹೊಸದು ಬೆಳೆಯುತ್ತಿರುವ ಹಕ್ಕಿಯಲ್ಲಿ ಲೆಕ್ಕ ತಪ್ಪಬಹುದಾದ್ದರಿಂದ ಎರಡೂ ರೆಕ್ಕೆ ಎಣಿಸಬೇಕು. ರೆಕ್ಕೆಯ ಅಡಿಭಾಗ ಗುಬ್ಬಿಗಿಡುಗದಲ್ಲಿ ಬುಡದಿಂದ ತುದಿಯವರೆಗೆ ಪಟ್ಟೆಪಟ್ಟೆ. ಬೆಳೆದ ಶಿಕ್ರಾದಲ್ಲಿ ಅದು ಹೆಚ್ಚುಕಡಿಮೆ ಬೋಳು ಬಿಳುಪು, ತುದಿ ಮಾತ್ರ ಕಪ್ಪು. ಬಾಲದ ತುದಿಯನ್ನೂ ಗಮನಿಸಿ: ಗುಬ್ಬಿಗಿಡುಗದ ಬಾಲ ಉದ್ದ, ಅಂಚು ಕತ್ತರಿಸಿದಂತೆ ನೇರ, ಮೂಲೆಗಳು ಚೂಪು. ಬೇಸ್ರಾದ ಬಾಲದಲ್ಲಿ ಕಪ್ಪು ಪಟ್ಟೆ, ತಿಳಿ ಪಟ್ಟೆ ಎರಡೂ ಅಗಲವಾಗಿ ಸರಿಸಮನಾಗಿರುತ್ತವೆ.

ಕೂಗು ಕೇಳಿಸಿದರೆ? ‘ಟಿಟ್ಯೂ ಟಿಟ್ಯೂ’ ಎಂದು ಎರಡು ತುಂಡಿನ ಚೂಪು ಕೂಗು ಶಿಕ್ರಾದ್ದು. ಇಲ್ಲಿ ಬಂದಿರುವಷ್ಟು ಕಾಲ ಗುಬ್ಬಿಗಿಡುಗ ಸಾಮಾನ್ಯವಾಗಿ ಮೌನಿ. ಆದರೆ ಶಿಕ್ರಾದ ಕೂಗು ಕೇಳಿದ ಮಾತ್ರಕ್ಕೆ ಶಿಕ್ರಾ ಇದೆ ಎನ್ನುವ ಹಾಗೂ ಇಲ್ಲ, ಏಕೆಂದರೆ ಕಾಜಾಣ ಅದನ್ನು ಚೆನ್ನಾಗಿ ಅಣಕಿಸುತ್ತದೆ.

ಅಣಕದ ಮಾತು ಬಂದದ್ದರಿಂದ ಇನ್ನೊಂದು ಸೋಗಿನ ಹಕ್ಕಿಯ ಬಗ್ಗೆ ಹೇಳಲೇಬೇಕು. ಗಿಡುಗಕೋಗಿಲೆ ಎಂಬುದು ಹರಟೆಮಲ್ಲದ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆ. ಬೂದು ಬೆನ್ನು, ಪಟ್ಟೆ ಬಾಲ, ಕೆಂಬಣ್ಣದ ಎದೆ, ಬೀಸಿ ಬಂದು ಕೊಂಬೆಗೇರುವ ಠೀವಿ, ಎಲ್ಲದರಲ್ಲೂ ಅದು ಶಿಕ್ರಾದ ಪಡಿಯಚ್ಚು. ಹಕ್ಕಿಗಳೂ ಮೋಸಹೋಗುತ್ತವೆ, ನಾವು ಯಾವ ಲೆಕ್ಕ. ಯುರೋಪಿನ ಕೋಗಿಲೆಯ ಎದೆಯ ಅಡ್ಡಪಟ್ಟೆ ಗುಬ್ಬಿಗಿಡುಗವನ್ನು ಹೋಲುವುದರಿಂದ ಸಣ್ಣ ಹಕ್ಕಿಗಳು ಅದರ ಹತ್ತಿರ ಬರಲು ಅಂಜುತ್ತವೆ ಎಂದು ಪ್ರಯೋಗಗಳೇ ತೋರಿಸಿವೆ. ಕೋಗಿಲೆಯ ಕೊಕ್ಕು ನೋಡಿದರೆ ವೇಷ ಕಳಚುತ್ತದೆ: ಗಿಡುಗದ ಕೊಕ್ಕು ಬುಡದಿಂದಲೇ ಕೊಕ್ಕೆಯಾಗಿ ಬಾಗಿದ್ದರೆ ಕೋಗಿಲೆಯದು ತುಸುವೇ ಬಾಗಿದ ಕಡ್ಡಿ.

ಎಲ್ಲಿಂದ, ಎಲ್ಲಿಗೆ

ಗುಬ್ಬಿಗಿಡುಗ ಯುರೋಪಿನ ಪಶ್ಚಿಮ ಅಂಚಿನಿಂದ ಜಪಾನಿನವರೆಗೆ ಮರಿಮಾಡುವ ಹಕ್ಕಿ. ಚಳಿ ಕಡಿಮೆಯಿರುವ ಕಡೆ ಅದು ವರ್ಷವಿಡೀ ನಿಲ್ಲುತ್ತದೆ. ಉತ್ತರದ ಮತ್ತು ಪೂರ್ವದ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ಭಾರತಕ್ಕೆ ಸಂಬಂಧಿಸಿದ್ದು ಎರಡು ಉಪಜಾತಿಗಳು. ಒಂದು ಸೈಬೀರಿಯಾ ಕಡೆಯದು, ಪೂರಾ ವಲಸಿಗ. ಇನ್ನೊಂದು ಹಿಮಾಲಯದ್ದು, ಬೆನ್ನು ಇನ್ನಷ್ಟು ಕಪ್ಪು; ಅಫ್ಘಾನಿಸ್ತಾನದಿಂದ ನೈರುತ್ಯ ಚೀನಾದವರೆಗಿನ ಬೆಟ್ಟಗಳಲ್ಲಿ ಮರಿಮಾಡಿ ಚಳಿಗಾಲದಲ್ಲಿ ತಪ್ಪಲಿಗೆ, ಬಯಲಿಗೆ ಇಳಿಯುತ್ತದೆ. ದೂರದಿಂದ ನೋಡಿ ಇವೆರಡನ್ನು ಬೇರ್ಪಡಿಸುವ ಸಾಹಸಕ್ಕೆ ನಾನಂತೂ ಹೋಗುವುದಿಲ್ಲ.

ಹದ್ದುಗಳು ವಲಸೆ ಹೋಗುವಾಗ ಬಿಸಿಗಾಳಿಯ ಕಂಬ ಹುಡುಕಿ, ಅದರಲ್ಲಿ ಸುತ್ತುತ್ತ ಮೇಲೇರಿ, ಮುಂದಿನ ಕಂಬದವರೆಗೆ ಜಾರುತ್ತವೆ. ಸಮುದ್ರದ ಮೇಲೆ ಅಂಥ ಕಂಬಗಳಿಲ್ಲದ ಕಾರಣ ಅವು ನೆಲ ಬಿಡುವುದಿಲ್ಲ. ಗುಬ್ಬಿಗಿಡುಗ ಅಷ್ಟು ಪರಾವಲಂಬಿಯಲ್ಲ. ನಾಲ್ಕೈದು ಬಡಿತ, ಒಂದು ಜಾರು, ಮತ್ತೆ ನಾಲ್ಕೈದು ಬಡಿತ, ಹೀಗೆ ಸ್ವಂತ ಬಲದಲ್ಲೇ ಸಾಗಬಲ್ಲದು. ಹಿಂಡು ಕಟ್ಟುವ ಸ್ವಭಾವ ಅದಕ್ಕಿಲ್ಲ. ಹಗಲಿನಲ್ಲಿ, ಒಂಟಿಯಾಗಿ ಸಾಗುತ್ತದೆ. ಆದರೂ ಸ್ವೀಡನ್ನಿನ ದಕ್ಷಿಣ ತುದಿಯ ಫಾಲ್‌ಸ್ಟರ್ಬೊದಂಥ ಭೂಶಿರದಲ್ಲಿ ನೆಲ ಮುಗಿಯುವ ಕಡೆ ಒಂಟಿಗಳೆಲ್ಲ ಒತ್ತಟ್ಟಿಗೆ ಬಂದು, ಪ್ರತಿ ಶರತ್ಕಾಲದಲ್ಲೂ ಸಾವಿರಾರು ಗುಬ್ಬಿಗಿಡುಗಗಳು ಎಣಿಕೆಗೆ ಸಿಗುತ್ತವೆ. ದಾರಿಯ ಬುತ್ತಿಯೂ ಜೊತೆಗೇ ಹಾರುತ್ತಿರುತ್ತದೆ, ಏಕೆಂದರೆ ಸಣ್ಣ ಹಕ್ಕಿಗಳ ವಲಸೆಯೂ ಅದೇ ಹೊತ್ತಿಗೆ, ಅದೇ ದಿಕ್ಕಿಗೆ.

ದಕ್ಷಿಣ ಭಾರತದಲ್ಲಿ ಅದನ್ನು ನಿರೀಕ್ಷಿಸಬೇಕಾದ್ದು ಅಕ್ಟೋಬರ್–ನವೆಂಬರಿನಿಂದ ಮಾರ್ಚಿನವರೆಗೆ. ಜೂನಿನಲ್ಲಿ ಇಲ್ಲಿ ಗುಬ್ಬಿಗಿಡುಗ ಕಂಡೆ ಎನ್ನುವವರು ತುಂಬ ಒಳ್ಳೆಯ ಚಿತ್ರ ತೋರಿಸಬೇಕಾಗುತ್ತದೆ. ಸಂಖ್ಯೆಯೂ ಉತ್ತರಕ್ಕಿಂತ ಇಲ್ಲಿ ವಿರಳ.

ಎಲ್ಲಿ ಹುಡುಕಬೇಕು ಎಂದರೆ, ಅಂಚುಗಳಲ್ಲಿ. ಗುಬ್ಬಿಗಿಡುಗದ ಬೇಟೆಯ ಬಂಡವಾಳ ವೇಗವಲ್ಲ, ಮರೆ. ಅದು ಎಲೆಗಳ ನಡುವೆ ಅಡಗಿ ಕೆಲವು ನಿಮಿಷ ಕೂರುತ್ತದೆ, ಏನೂ ಸಿಗದಿದ್ದರೆ ಮುಂದಿನ ಮರಕ್ಕೆ ಹಾರಿ ಅಲ್ಲಿ ಕೂರುತ್ತದೆ. ಅಥವಾ ಬೇಲಿಯ ಒಂದು ಬದಿಯಲ್ಲಿ ನೆಲ ಸವರುವಂತೆ ಹಾರಿಬಂದು ಥಟ್ಟನೆ ಇನ್ನೊಂದು ಬದಿಗೆ ನೆಗೆದು ಅಲ್ಲಿ ಕಾಳು ಹೆಕ್ಕುತ್ತಿದ್ದ ಹಿಂಡಿನ ನಡುವೆ ಸಿಡಿಯುತ್ತದೆ. ಇದಕ್ಕೆ ಎರಡು ಬೇಕು: ಅಡಗಲು ಮರ, ಹಕ್ಕಿಗಳು ಗುಂಪಾಗಿ ಮೇಯುವ ತೆರವು. ಬರಿಯ ಬಯಲಿನಲ್ಲಿ ಮೊದಲನೆಯದಿಲ್ಲ, ದಟ್ಟ ಕಾಡಿನೊಳಗೆ ಎರಡನೆಯದಿಲ್ಲ. ಹಾಗಾಗಿ ಬೆಟ್ಟದ ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ, ಗದ್ದೆಗೂ ತೋಪಿಗೂ ನಡುವಿನ ಏರಿ, ತೋಟದ ಬೇಲಿ, ಮರಗಳಿಂದ ಸುತ್ತುವರಿದ ಕೆರೆಯಂಗಳ ಇವೆಲ್ಲ ಅದರ ಜಾಗಗಳು. ಪಶ್ಚಿಮ ಘಟ್ಟದ ಒದ್ದೆ ಕಾಡಿನ ಒಳಗೆ, ಕತ್ತಲೆ ಕವಿದ ಕಣಿವೆಯಲ್ಲಿ ಗಂಟಲಗೆರೆಯ ಸಣ್ಣ ಗಿಡುಗ ಸಿಕ್ಕರೆ ಅದು ಬೇಸ್ರಾ. ಅಲ್ಲಿಯೇ ತಲೆಯ ಹಿಂದೆ ಜುಟ್ಟಿರುವ, ಮೈಕಟ್ಟು ದೊಡ್ಡದಿರುವ ಜುಟ್ಟುಗಿಡುಗವೂ ಇದೆ ಎಂಬುದನ್ನು ಮರೆಯಬಾರದು. ಶಿಕ್ರಾ ಮಾತ್ರ ಈ ಯಾವ ಗಡಿಯನ್ನೂ ಲೆಕ್ಕಿಸದೆ ಊರು, ತೋಟ, ಕುರುಚಲು, ಕಾಡಂಚು ಎಲ್ಲ ಕಡೆ ಇರುತ್ತದೆ. ನೆಲೆ ನೋಡಿ ಬೇಸ್ರಾವನ್ನು ಹೊರಗಿಡಬಹುದು, ಶಿಕ್ರಾವನ್ನು ಎಂದಿಗೂ ಅಲ್ಲ.

ಇಷ್ಟು ಹೋಲುವ ಈ ಮೂರನ್ನೂ ವಿಜ್ಞಾನಿಗಳು ಬಹುಕಾಲ ಆಕ್ಸಿಪಿಟರ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದರು. ವಂಶವಾಹಿಗಳ ಅಧ್ಯಯನದ ಆಧಾರದ ಮೇಲೆ 2024ರಲ್ಲಿ ಆ ಕುಲ ಒಡೆಯಿತು. ಗುಬ್ಬಿಗಿಡುಗ ಆಕ್ಸಿಪಿಟರ್ ಆಗಿಯೇ ಉಳಿಯಿತು, ಶಿಕ್ರಾ ಮತ್ತು ಬೇಸ್ರಾ ಟಾಕಿಸ್ಪೈಜಾ ಎಂಬ ಬೇರೆ ಕುಲಕ್ಕೆ ಹೋದವು. ತೆಳುಗಾಲಿನ ಬೇಸ್ರಾ ದಪ್ಪಗಾಲಿನ ಶಿಕ್ರಾಕ್ಕೆ ಹತ್ತಿರದ ನೆಂಟ, ತನ್ನಂಥದೇ ಕಾಲಿನ ಗುಬ್ಬಿಗಿಡುಗಕ್ಕೆ ದೂರದವನು. ಕಾಲನ್ನು ತಿದ್ದಿದ್ದು ವಂಶವಲ್ಲ, ಊಟ.

ಇಷ್ಟೆಲ್ಲ ತಿಳಿದ ಮೇಲೂ ಬೇಲಿಗುಂಟ ಹಾದುಹೋದ ಆ ಹಕ್ಕಿಯನ್ನು ಹೆಸರಿಸಲಾಗದ ದಿನಗಳೇ ಹೆಚ್ಚು. ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಈಬರ್ಡ್‌ನಂಥ ಆನ್‌ಲೈನ್ ಪಟ್ಟಿಗಳಲ್ಲಿ ಜಾತಿ ಖಚಿತವಾಗದ ಗಿಡುಗ ಎಂದು ನಮೂದಿಸಲು ಅವಕಾಶವಿದೆ, ಅದನ್ನು ಬಳಸಲು ಸಂಕೋಚ ಬೇಡ. ಊಹೆಯ ಹೆಸರೊಂದು ಪಟ್ಟಿ ಸೇರಿದರೆ ಅದನ್ನು ನಂಬಿ ಇನ್ನೊಬ್ಬರು ನಕ್ಷೆಯ ಮೇಲೆ ಚುಕ್ಕೆ ಇಡುತ್ತಾರೆ.

ಹಕ್ಕಿ ಹೋದ ದಾರಿಯಲ್ಲಿ ಒಂದಷ್ಟು ದೂರ ನಡೆದು ನೋಡಿ. ಗಿಡುಗ ಹಿಡಿದ ಹಕ್ಕಿಯನ್ನು ಮೋಟುಮರದ ಮೇಲೋ ಪೊದೆಯ ಬುಡದಲ್ಲೋ ಇಟ್ಟುಕೊಂಡು ಪುಕ್ಕ ತರಿದು ತಿನ್ನುತ್ತದೆ; ಸುತ್ತ ಪುಕ್ಕದ ರಾಶಿ ಉಳಿಯುತ್ತದೆ. ಒಂದು ದೊಡ್ಡ ಗರಿ ಎತ್ತಿ ಅದರ ಬುಡ ನೋಡಿ. ಬೆಕ್ಕು, ಮುಂಗುಸಿ ತಿಂದಿದ್ದರೆ ಗರಿಯ ಕಾಂಡ ಹಲ್ಲಿಗೆ ಸಿಕ್ಕಿ ಕತ್ತರಿಸಿರುತ್ತದೆ, ಅಂಚು ಜಜ್ಜಿರುತ್ತದೆ. ಕಾಂಡ ಬುಡಸಮೇತ ಇಡಿಯಾಗಿ ಕಿತ್ತುಬಂದಿದ್ದರೆ ಕೊಕ್ಕಿನ ಕೆಲಸ. ಅದು ಗುಬ್ಬಿಗಿಡುಗದ ಕೊಕ್ಕೋ ಶಿಕ್ರಾದ್ದೋ ಎಂಬುದನ್ನು ಆ ಗರಿ ಹೇಳುವುದಿಲ್ಲ.